ಮೊದಲ ಹತ್ತು ಸೆಕೆಂಡು ಯಾರಿಗೆ ಸೇರಿದ್ದು?

ಪಟ್ಟಕದ ವಕ್ರೀಭವನಾಂಕವನ್ನು ಸ್ಪೆಕ್ಟ್ರೋಮೀಟರಿನ ನೆರವಿನಿಂದ ಕಂಡುಹಿಡಿಯುವ ಪ್ರಯೋಗವನ್ನು ನಮ್ಮ ವಿಜ್ಞಾನ ವಿದ್ಯಾರ್ಥಿಗಳಲ್ಲಿ ಬಹುಮಂದಿ ಒಮ್ಮೆಯಾದರೂ ಮಾಡಿರುತ್ತಾರೆ. ಬೆಳಕಿನ ಗೆರೆಯನ್ನು ಅಡ್ಡತಂತಿಗೆ ತಂದು ಕೂಡಿಸಿ, ವರ್ನಿಯರ್ ಅಳತೆಯನ್ನು ಓದಿ, ಸೂತ್ರದಲ್ಲಿಟ್ಟು, 1.52 ಎಂದೋ 1.61 ಎಂದೋ ಉತ್ತರವನ್ನು ತೆಗೆಯುತ್ತಾರೆ. ಆದರೆ ದೂರದರ್ಶಕವನ್ನು ಅನಂತ ದೂರಕ್ಕೆ ಹೊಂದಿಸಿದವರು ಯಾರು? ಸೀಳುಗಂಡಿಯನ್ನು ಕಿರಿದುಗೊಳಿಸಿ ಪಟ್ಟಕದ ಪೀಠವನ್ನು ಮಟ್ಟಮಾಡಿದವರು ಯಾರು? ಅನೇಕ ಕಾಲೇಜುಗಳಲ್ಲಿ ಅದು ಪ್ರಯೋಗಶಾಲೆಯ ಅಟೆಂಡರು ಬೆಳಗ್ಗೆಯೇ ಮುಗಿಸಿಟ್ಟಿರುವ ಕೆಲಸ. ವಿದ್ಯಾರ್ಥಿಯು ಅಳತೆಯನ್ನು ಓದುತ್ತಾನೆಯೇ ಹೊರತು ಉಪಕರಣವನ್ನು ಅರಿಯುವುದಿಲ್ಲ. ಪ್ರಯೋಗವೇನೋ ಮುಗಿಯುತ್ತದೆ, ಅಂಕವೂ ದೊರೆಯುತ್ತದೆ.

ಗಣಕಯಂತ್ರದ ವಿಷಯದಲ್ಲಿ ನಮ್ಮ ಸ್ಥಿತಿಯು ಇದಕ್ಕಿಂತ ಬೇರೆಯಾಗಿಲ್ಲ. ಗುಂಡಿಯನ್ನೊತ್ತಿ ಹತ್ತು ಸೆಕೆಂಡು ಕಾದರೆ ಚಿತ್ರಪಟವು ಬೆಳಗುತ್ತದೆ. ಅಲ್ಲಿಂದಾಚೆಗೆ ನಮ್ಮ ಕೆಲಸ. ಆ ಹತ್ತು ಸೆಕೆಂಡುಗಳಲ್ಲಿ ಏನಾಯಿತು, ಯಾರ ಅಪ್ಪಣೆಯಂತೆ ಆಯಿತು ಎಂದು ಕೇಳುವವರು ವಿರಳ. ಗಣಕವೆಂದರೆ ವಿಂಡೋಸ್, ವಿಂಡೋಸ್ ಎಂದರೆ ಗಣಕ ಎಂಬ ಭಾವನೆ ಎಷ್ಟು ಬಲವಾಗಿ ಬೇರೂರಿದೆಯೆಂದರೆ, ಇವೆರಡೂ ಬೇರೆಬೇರೆ ವಸ್ತುಗಳು, ಬೇರೆಬೇರೆಯವರು ಮಾಡಿದವು ಎಂಬುದನ್ನು ಪದವಿ ತರಗತಿಯಲ್ಲಿಯೂ ವಿವರಿಸಿ ಹೇಳಬೇಕಾಗುತ್ತದೆ. ಯಂತ್ರಕ್ಕೂ ನಮಗೂ ನಡುವೆ ನಿಂತು ಕಡತ, ಕೀಲಿಮಣೆ, ಚಿತ್ರಪಟ, ಮೆಮೊರಿಗಳನ್ನೆಲ್ಲ ಹಂಚಿ ನಡೆಸುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆ ಅಥವಾ ಆಪರೇಟಿಂಗ್ ಸಿಸ್ಟಂ ಎಂದು ಹೆಸರು. ವಿಂಡೋಸ್ ಅಂಥದೊಂದು; ಲಿನಕ್ಸ್ ಮತ್ತೊಂದು; ಇನ್ನೂ ಹಲವಿವೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ವಿಜ್ಞಾನವನ್ನು ಓದುವ ಪ್ರತಿಯೊಬ್ಬ ತರುಣನೂ ತರುಣಿಯೂ ತನ್ನ ಕೈಯಿಂದಲೇ, ಒಮ್ಮೆಯಾದರೂ, ಇರುವ ಒಂದೇ ಗಣಕದಲ್ಲಿ ಇರುವ ವ್ಯವಸ್ಥೆಯ ಪಕ್ಕದಲ್ಲಿ ಇನ್ನೊಂದು ವ್ಯವಸ್ಥೆಯನ್ನು ನೆಲೆಗೊಳಿಸಿ ನೋಡತಕ್ಕದ್ದು. ಗುಂಡಿಯನ್ನೊತ್ತಿದಾಗ “ಯಾವುದು ಬೇಕು?” ಎಂದು ಯಂತ್ರವು ಕೇಳುವಂತೆ ಮಾಡತಕ್ಕದ್ದು. ಒಂದೇ ಒರೆಯಲ್ಲಿ ಎರಡು ಕತ್ತಿಗಳು ಇರಲಾರವೆಂಬ ಗಾದೆ ಇಲ್ಲಿ ಸಲ್ಲದು. ಇರುತ್ತವೆ, ಹಾಯಾಗಿಯೇ ಇರುತ್ತವೆ. ಒಂದು ಯಂತ್ರದ ಬೆಲೆಯಲ್ಲಿ ಎರಡರ ಉಪಯೋಗ ದೊರೆಯುವುದು ಲಾಭವೇ ಸರಿ. ಆದರೆ ಆ ಹತ್ತು ಸೆಕೆಂಡುಗಳು ಯಾರಿಗೆ ಸೇರಿದವು ಎಂಬ ಪ್ರಶ್ನೆಯು ಅದರಿಂದ ಕಣ್ಣಿಗೆ ಕಾಣುವಂತಾಗುವುದು ಅದಕ್ಕಿಂತ ದೊಡ್ಡ ಲಾಭ.

ಮೊದಲು ಆ ಸೆಕೆಂಡುಗಳ ಒಳಗೆ ಇಣುಕಿ ನೋಡೋಣ. ವಿದ್ಯುತ್ತು ಹರಿದ ಕ್ಷಣದಲ್ಲಿ ಗಣಕದ ಮೆಮೊರಿಯು ಬರಿದು. ಹಿಂದಿನ ದಿನ ಅದರಲ್ಲಿದ್ದುದೆಲ್ಲ ವಿದ್ಯುತ್ತಿನೊಡನೆಯೇ ಅಳಿಸಿಹೋಗಿರುತ್ತದೆ. ಕೆಲಸಮಾಡಬೇಕಾದ ವ್ಯವಸ್ಥೆಯು ಡಿಸ್ಕಿನಲ್ಲಿದೆ. ಡಿಸ್ಕಿನಿಂದ ಅದನ್ನು ಮೆಮೊರಿಗೆ ತರಲು ಒಂದು ಪ್ರೋಗ್ರಾಂ ಬೇಕು. ಆ ಪ್ರೋಗ್ರಾಮನ್ನು ತರುವವರು ಯಾರು? ಇದು ಬೀಜವೃಕ್ಷನ್ಯಾಯವೇ ಸರಿ. ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದೆಳೆದು ತನ್ನನ್ನು ಮೇಲಕ್ಕೆತ್ತಿಕೊಳ್ಳುವ ಮನುಷ್ಯನ ಕಲ್ಪನೆಯಿಂದ ಇಂಗ್ಲಿಷರು ಇದಕ್ಕೆ ‘ಬೂಟ್’ ಎಂಬ ಹೆಸರನ್ನು ಪಡೆದರು. ನ್ಯೂಟನ್ನನ ನಿಯಮಗಳ ಪ್ರಕಾರ ಅದು ಆಗದ ಮಾತು. ಗಣಕದಲ್ಲಿ ಮಾತ್ರ ದಿನವೂ ಆಗುತ್ತಿದೆ. 1975ರ ಆಲ್ಟೇರ್ 8800 ಯಂತ್ರದಲ್ಲಿ ಮೊದಲ ಆದೇಶಗಳನ್ನು ಅದರ ಒಡೆಯನೇ ಮುಂಭಾಗದ ಸಣ್ಣ ಸ್ವಿಚ್ಚುಗಳನ್ನು ಮೇಲಕ್ಕೂ ಕೆಳಕ್ಕೂ ತಿರುಗಿಸಿ ಒಂದೊಂದಾಗಿ ತುಂಬಬೇಕಾಗಿತ್ತು. ಕಷ್ಟದ ಕೆಲಸ, ನಿಜ. ಆದರೆ ಅಲ್ಲಿ ಮೊದಲ ಮಾತು ಒಡೆಯನದಾಗಿತ್ತೆಂಬುದನ್ನು ಗಮನಿಸಬೇಕು.

1981ರಲ್ಲಿ ಐಬಿಎಂ ಸಂಸ್ಥೆಯ ಪರ್ಸನಲ್ ಕಂಪ್ಯೂಟರ್ ಬಂದಿತು. ಅದರ ಪ್ರೊಸೆಸರು ಎಚ್ಚರಗೊಂಡೊಡನೆ ಒಂದು ನಿಗದಿಯಾದ ವಿಳಾಸಕ್ಕೆ ಹೋಗುತ್ತಿತ್ತು: ಅದಕ್ಕೆ ಎಟುಕುವ 10,48,576 ಬೈಟುಗಳ ಮೆಮೊರಿಯ ತುದಿಗಿಂತ 16 ಬೈಟು ಕೆಳಗೆ. ಅಲ್ಲಿ ಅಳಿಸಿಹೋಗದ ಚಿಪ್ಪಿನಲ್ಲಿ ಬಯಾಸ್ ಎಂಬ ಕಿರು ಪ್ರೋಗ್ರಾಂ ಇದ್ದಿತು. ಅದು ಯಂತ್ರದ ಅಂಗಾಂಗಗಳನ್ನು ಪರೀಕ್ಷಿಸಿ, ಡಿಸ್ಕಿನ ಮೊಟ್ಟಮೊದಲ ತುಣುಕನ್ನು ಓದಿ, ಮೆಮೊರಿಯಲ್ಲಿಟ್ಟು, “ಇನ್ನು ನೀನುಂಟು, ನಿನ್ನ ಕೆಲಸವುಂಟು” ಎಂದು ಹಿಂದೆ ಸರಿಯುತ್ತಿತ್ತು. ಇಂದಿನ ಪ್ರೊಸೆಸರುಗಳಲ್ಲಿ ವಿಳಾಸವು ಬದಲಾಗಿದೆ, ಪದ್ಧತಿಯು ಬದಲಾಗಿಲ್ಲ.

ಆ ಮೊದಲ ತುಣುಕಿನ ಗಾತ್ರ 512 ಬೈಟುಗಳು. ಇದು ಎಷ್ಟು ಚಿಕ್ಕದೆಂದರೆ, ಯೂನಿಕೋಡಿನ ಪ್ರಚಲಿತ ಪದ್ಧತಿಯಲ್ಲಿ ಕನ್ನಡದ ಒಂದು ‘ಕ’ ಅಕ್ಷರಕ್ಕೆ 3 ಬೈಟುಗಳೂ, ಅದಕ್ಕೊಂದು ದೀರ್ಘವನ್ನು ಕೊಟ್ಟು ‘ಕಾ’ ಎಂದು ಬರೆದರೆ 6 ಬೈಟುಗಳೂ ಬೇಕು. ಆ ಲೆಕ್ಕದಲ್ಲಿ ಈ ಪ್ಯಾರಾ ಕೂಡ ಅದರೊಳಗೆ ಹಿಡಿಯದು. ಅಷ್ಟರಲ್ಲಿಯೇ 446 ಬೈಟು ಪ್ರೋಗ್ರಾಮಿಗೆ, 64 ಬೈಟು ಡಿಸ್ಕಿನ ಪಾಲುಪಟ್ಟಿಗೆ, ಉಳಿದ 2 ಮೊಹರಿಗೆ. ಪಾಲುಪಟ್ಟಿಯೆಂದು ಸುಮ್ಮನೆ ಹೇಳಲಿಲ್ಲ. ಅಣ್ಣತಮ್ಮಂದಿರು ಹಿಸ್ಸೆಯಾಗುವಾಗ ಯಾರ ಜಮೀನು ಎಲ್ಲಿಂದ ಎಲ್ಲಿಗೆ ಎಂದು ಬರೆದು ಹದ್ದುಬಸ್ತು ಮಾಡುತ್ತಾರಷ್ಟೆ, ಇಲ್ಲಿಯೂ ಅದೇ. ಒಬ್ಬೊಬ್ಬರ ಪಾಲಿಗೆ 16 ಬೈಟಿನ ಒಂದು ನಮೂದು: ಪಾಲು ಯಾವ ತುಣುಕಿನಿಂದ ಆರಂಭ, ಎಷ್ಟು ತುಣುಕು ಉದ್ದ, ಅದು ಯಾವ ಬಗೆಯದು. 1983ರಲ್ಲಿ ಈ ಏರ್ಪಾಡು ಬಂದಾಗ ನಾಲ್ಕು ಪಾಲುಗಳಿಗೆ ಮಾತ್ರ ಸ್ಥಳವಿಟ್ಟರು. ಒಂದು ಡಿಸ್ಕಿಗೆ ಅದಕ್ಕಿಂತ ಹೆಚ್ಚು ಪಾಲು ಬೇಕಾದೀತೆಂದು ಆಗ ಅನಿಸಿರಲಿಲ್ಲವೆಂದು ತೋರುತ್ತದೆ. ತುಣುಕುಗಳ ಸಂಖ್ಯೆಯನ್ನು 32 ಬಿಟ್ಟುಗಳಲ್ಲಿ ಬರೆದುದರಿಂದ, ಸುಮಾರು 2.2 ಲಕ್ಷ ಕೋಟಿ ಬೈಟುಗಳಿಗಿಂತ ದೊಡ್ಡ ಡಿಸ್ಕನ್ನು ಈ ಪಟ್ಟಿಯಿಂದ ಪೂರ್ತಿ ಅಳೆಯುವುದಕ್ಕೆ ಆಗದು.

ಎರಡು ವ್ಯವಸ್ಥೆಗಳು ಒಂದೇ ಡಿಸ್ಕಿನಲ್ಲಿ ಬಾಳುವ ಗುಟ್ಟೆಲ್ಲ ಇಷ್ಟೆ: ಪಾಲಾದ ಡಿಸ್ಕು, ಮತ್ತು ಮೊದಲಿಗೆ ಎದ್ದು “ಯಾವ ಪಾಲಿಗೆ ಹೋಗಲಿ?” ಎಂದು ಕೇಳುವ ಒಂದು ಸಣ್ಣ ಪ್ರೋಗ್ರಾಂ. ಅಂಥ ಪ್ರೋಗ್ರಾಮುಗಳಲ್ಲಿ ಹೆಸರಾದುದು ಗ್ರಬ್. 1995ರಲ್ಲಿ ಎರಿಕ್ ಬೋಲೆನ್ ಎಂಬಾತನು ಇದನ್ನು ಆರಂಭಿಸಿದನು. ಇದರ ಹೆಸರಿನ ವಿಸ್ತರಣೆಯಲ್ಲಿ ಭೌತವಿಜ್ಞಾನಿಗಳ ಮಹಾ ಏಕೀಕರಣ ಸಿದ್ಧಾಂತದ ಅಣಕವಿದೆ. ನಮ್ಮವರ ಸಿದ್ಧಾಂತವು ಪ್ರಯೋಗದಿಂದ ಇನ್ನೂ ದೃಢಪಟ್ಟಿಲ್ಲ; ಹೆಸರನ್ನು ಎರವಲು ಪಡೆದುದು ಮಾತ್ರ ದಿನವೂ ಲಕ್ಷಗಟ್ಟಲೆ ಯಂತ್ರಗಳಲ್ಲಿ ಕೆಲಸಮಾಡುತ್ತಿದೆ! ವಿಂಡೋಸಿಗೂ ತನ್ನದೇ ಆದ ಆಯ್ಕೆಯ ಪಟ್ಟಿಯುಂಟು. ಆದರೆ ಅದು ತಾನಾಗಿ ಎಲೆ ಹಾಕುವುದು ತನ್ನ ಮನೆಯವರಿಗೆ ಮಾತ್ರ, ಎಂದರೆ ವಿಂಡೋಸಿನ ಬೇರೆ ಆವೃತ್ತಿಗಳಿಗೆ. ಗ್ರಬ್ಬಿನ ಪಂಕ್ತಿಯಲ್ಲಿ ಪರರಿಗೂ ಸ್ಥಳವಿದೆ.

ಲಿನಕ್ಸ್ ಹುಟ್ಟಿದ್ದೇ ಇಂತಹ ಒಂದು ಪಾಲುಗಾರಿಕೆಯ ಯಂತ್ರದಲ್ಲಿ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ತಿಳಿದಿರಬೇಕು. ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಲಿನಸ್ ಟೋರ್ವಾಲ್ಡ್ಸ್ 1991ರ ಜನವರಿಯಲ್ಲಿ ಒಂದು ಗಣಕವನ್ನು ಕೊಂಡನು. ಆಗ ಅವನಿಗೆ ಇಪ್ಪತ್ತೊಂದು ವರ್ಷ. ಆಂಡ್ರ್ಯೂ ಟನೆನ್‌ಬಾಮ್ ಎಂಬ ಪ್ರಾಧ್ಯಾಪಕರು ಬೋಧನೆಗೆಂದು ರಚಿಸಿ 1987ರಲ್ಲಿ ಹೊರತಂದಿದ್ದ ಮಿನಿಕ್ಸ್ ಎಂಬ ಪುಟ್ಟ ವ್ಯವಸ್ಥೆಯನ್ನು ಅದರಲ್ಲಿ ನೆಲೆಗೊಳಿಸಿ, ಅದರ ಆಶ್ರಯದಲ್ಲಿ ಕುಳಿತು ತನ್ನದೇ ವ್ಯವಸ್ಥೆಯನ್ನು ಬರೆಯತೊಡಗಿದನು. ಆಗಸ್ಟ್ 25ರಂದು ಅದನ್ನು ಲೋಕಕ್ಕೆ ಸಾರಿದನು. ಹೊಸ ವ್ಯವಸ್ಥೆಯು ತನ್ನ ಕಾಲಮೇಲೆ ನಿಲ್ಲುವವರೆಗೂ ಹಳೆಯದು ಪಕ್ಕದ ಪಾಲಿನಲ್ಲಿಯೇ ಇದ್ದಿತು. ಒಂದು ದಿನ ವಿಶ್ವವಿದ್ಯಾಲಯದ ಗಣಕಕ್ಕೆ ದೂರವಾಣಿಯ ಮೂಲಕ ಸಂಪರ್ಕಿಸಲು ಹೋಗಿ, ಮೋಡೆಮ್ಮಿಗೆ ಕಳಿಸಬೇಕಾದ ಆಜ್ಞೆಯನ್ನು ತಪ್ಪಿ ಡಿಸ್ಕಿಗೇ ಕಳಿಸಿದನು. ಮಿನಿಕ್ಸ್ ಇದ್ದ ಪಾಲು ಹಾಳಾಯಿತು. ಅದನ್ನು ಮರಳಿ ನೆಲೆಗೊಳಿಸುವ ಬದಲು, ತಾನು ಬರೆದುದೇ ಸಾಕೆಂದು ಅಂದಿನಿಂದ ಲಿನಕ್ಸ್ ಒಂದರಲ್ಲೇ ಬಾಳಲು ಅವನು ನಿಶ್ಚಯಿಸಿದನು. ಈ ಪ್ರಸಂಗವನ್ನು ಅವನೇ ಬರೆದಿದ್ದಾನೆ. ಯಂತ್ರದ ಮೊದಲ ಸೆಕೆಂಡುಗಳಲ್ಲಿ ಬೇರೆಯವರ ಬೀಗವಿದ್ದಿದ್ದರೆ ಈ ಹುಡುಗನ ಪ್ರಯೋಗವು ಎಲ್ಲಿಯವರೆಗೆ ನಡೆಯುತ್ತಿತ್ತು?

ಬೀಗವು ಬಂದುದು ತಡವಾಗಿ. ಅದಕ್ಕೆ ಮೊದಲು ಒಪ್ಪಂದದ ಕಾಗದವು ಬಂದಿತು. ಫ್ರಾನ್ಸಿನವನಾದ ಝಾನ್-ಲೂಯಿ ಗಾಸೆ 1990ರಲ್ಲಿ ಸ್ಥಾಪಿಸಿದ ಬಿ ಎಂಬ ಅಮೆರಿಕದ ಸಣ್ಣ ಕಂಪನಿಯು ಬಿಓಎಸ್ ಎಂಬ ಚುರುಕಾದ ವ್ಯವಸ್ಥೆಯನ್ನು ರೂಪಿಸಿತು. ವಿಂಡೋಸಿನ ಪಕ್ಕದಲ್ಲಿ ಒಂದು ಪಾಲು ಕೊಟ್ಟು, ಆರಂಭದಲ್ಲಿ ಆಯ್ಕೆಯನ್ನು ತೋರಿಸುವುದಾದರೆ ಅದನ್ನು ಪುಕ್ಕಟೆಯಾಗಿ ಕೊಡುವೆವೆಂದು ಅದು ಯಂತ್ರ ತಯಾರಕರಿಗೆ ಹೇಳಿತು. ಜಪಾನಿನ ಹಿಟಾಚಿ ಸಂಸ್ಥೆಯು ಒಪ್ಪಿ, ತನ್ನ ಫ್ಲೋರಾ ಪ್ರಿಯಸ್ ಯಂತ್ರಗಳಲ್ಲಿ ಎರಡನ್ನೂ ತುಂಬಿ ಮಾರಿತು. ಆದರೆ ಗುಂಡಿಯನ್ನೊತ್ತಿದರೆ ಆಯ್ಕೆಯ ಪಟ್ಟಿ ಬರುತ್ತಿರಲಿಲ್ಲ, ನೇರವಾಗಿ ವಿಂಡೋಸ್ ಬರುತ್ತಿತ್ತು. ಬಿಓಎಸ್ ಡಿಸ್ಕಿನಲ್ಲಿದ್ದೂ ಇಲ್ಲದಂತೆ! ಮೈಕ್ರೋಸಾಫ್ಟಿನ ಪರವಾನಗಿಯ ಕರಾರುಗಳೇ ಇದಕ್ಕೆ ಕಾರಣವೆಂದು ಬಿ ಕಂಪನಿಯು 2002ರಲ್ಲಿ ದಾವೆ ಹೂಡಿತು. 2003ರಲ್ಲಿ ಮೈಕ್ರೋಸಾಫ್ಟ್ ತಪ್ಪನ್ನು ಒಪ್ಪಿಕೊಳ್ಳದೆಯೇ 2 ಕೋಟಿ 32 ಲಕ್ಷ 50 ಸಾವಿರ ಡಾಲರು ಕೊಟ್ಟು ವ್ಯಾಜ್ಯವನ್ನು ಮುಗಿಸಿತು. ಅಷ್ಟರೊಳಗೆ ಬಿ ಕಂಪನಿಯು ತನ್ನ ಸ್ವತ್ತನ್ನೆಲ್ಲ ಮಾರಿಯಾಗಿತ್ತು. ಹೆಣಕ್ಕೆ ಔಷಧಿ ದೊರೆತಂತಾಯಿತು.

ಇದಕ್ಕೆ ಜೊತೆಯಾಗಿ ಅಮೆರಿಕದ ಸರ್ಕಾರವೇ 1998ರಲ್ಲಿ ಹೂಡಿದ್ದ ದೊಡ್ಡ ಮೊಕದ್ದಮೆಯಲ್ಲಿ 2002ರ ನವೆಂಬರಿನ ತೀರ್ಪು ಒಂದು ಮಾತನ್ನು ಸ್ಪಷ್ಟವಾಗಿ ವಿಧಿಸಿತು: ವಿಂಡೋಸ್ ಏಳುವುದಕ್ಕೆ ಮುನ್ನವೇ ಬೇರೊಂದು ವ್ಯವಸ್ಥೆಯನ್ನು ಆರಿಸಿಕೊಳ್ಳುವ ಅವಕಾಶವನ್ನು ತಯಾರಕರು ಗ್ರಾಹಕರಿಗೆ ನೀಡಹೋದರೆ ಮೈಕ್ರೋಸಾಫ್ಟ್ ಅದನ್ನು ತಡೆಯಕೂಡದು. ದುಡ್ಡು ಕೊಟ್ಟು ಕೊಂಡ ಯಂತ್ರದ ಮೊದಲ ಸೆಕೆಂಡುಗಳ ವಿಷಯವನ್ನು ನ್ಯಾಯಾಲಯವು ಬಾಯಿಬಿಟ್ಟು ಹೇಳಬೇಕಾಯಿತು. ಆ ತೀರ್ಪಿನ ಅವಧಿಯು 2011ರ ಮೇ ತಿಂಗಳಲ್ಲಿ ಮುಗಿಯಿತು. ಕಾಕತಾಳೀಯವೋ ಏನೋ, ಅದೇ ವರ್ಷದ ಸೆಪ್ಟೆಂಬರಿನಲ್ಲಿ ವಿಂಡೋಸ್ 8ರ ಜೊತೆಗೆ ಬರಲಿದ್ದ ಹೊಸದೊಂದು ಏರ್ಪಾಡಿನ ಬಗ್ಗೆ ವಾದವೆದ್ದಿತು. ಅದರ ಹೆಸರು ಸೆಕ್ಯೂರ್ ಬೂಟ್.

ಇಷ್ಟರೊಳಗೆ ಹಳೆಯ ಬಯಾಸಿನ ಸ್ಥಾನಕ್ಕೆ ಯುಇಎಫ್ಐ ಎಂಬುದು ಬಂದಿತ್ತು. ಇದರಲ್ಲಿ ಪಾಲುಪಟ್ಟಿಯು ದೊಡ್ಡದು, ಸಾಮಾನ್ಯವಾಗಿ 128 ಪಾಲುಗಳಿಗೆ ಎಡೆಯುಂಟು. ಡಿಸ್ಕಿನ ಒಂದು ಕಿರುಪಾಲನ್ನು ಜಗಲಿಯಂತೆ ಎಲ್ಲರಿಗೂ ಬಿಟ್ಟಿರುತ್ತಾರೆ. ಪ್ರತಿಯೊಂದು ವ್ಯವಸ್ಥೆಯೂ ತನ್ನ ಆರಂಭದ ಪ್ರೋಗ್ರಾಮನ್ನು ಆ ಜಗಲಿಯ ಮೇಲೆ ತನ್ನ ಚಾಪೆ ಹಾಸಿ ಕೂರಿಸುತ್ತದೆ. ಮೊದಲಿನ ಇಕ್ಕಟ್ಟಿಗಿಂತ ಇದು ಎಷ್ಟೋ ಮೇಲು. ಸೆಕ್ಯೂರ್ ಬೂಟ್ ಎಂದರೆ ಈ ಜಗಲಿಗೆ ಕಾವಲು. ಯಂತ್ರದ ಚಿಪ್ಪಿನಲ್ಲಿ ಕೆಲವು ಕೀಲಿಗಳಿರುತ್ತವೆ. ಆ ಕೀಲಿಗಳಿಗೆ ಹೊಂದುವ ರುಜುವಿದ್ದ ಪ್ರೋಗ್ರಾಮನ್ನು ಮಾತ್ರ ಏಳಗೊಡುತ್ತದೆ. ಇದರ ಉದ್ದೇಶವನ್ನು ಹಳಿಯಲಾಗದು. 1986ರಲ್ಲಿ ಲಾಹೋರಿನ ಇಬ್ಬರು ಸೋದರರು ರಚಿಸಿದ ಬ್ರೈನ್ ಎಂಬ ವೈರಸ್ಸು ಹೊಕ್ಕು ಕುಳಿತದ್ದು ಫ್ಲಾಪಿಯ ಮೊದಲ ತುಣುಕಿನಲ್ಲಿಯೇ. ಬಾಗಿಲಲ್ಲಿಯೇ ಕಳ್ಳನು ಕುಳಿತರೆ ಒಳಗಿನ ಕಾವಲುಗಾರರೆಲ್ಲ ವ್ಯರ್ಥ.

ಮನೆಗೆ ಬೀಗವು ಬೇಕು, ಸರಿ. ಬೀಗದಕೈ ಯಾರ ಸೊಂಟದಲ್ಲಿರಬೇಕು? ಮಾರುಕಟ್ಟೆಯ ಬಹುಪಾಲು ಯಂತ್ರಗಳಲ್ಲಿರುವುದು ಮೈಕ್ರೋಸಾಫ್ಟಿನ ಕೀಲಿ. ಲಿನಕ್ಸಿನವರು 2012ರಿಂದ ಶಿಮ್ ಎಂಬ ಪುಟ್ಟ ಪ್ರೋಗ್ರಾಮಿಗೆ ಅದೇ ಕಂಪನಿಯಿಂದ ರುಜು ಹಾಕಿಸಿಕೊಂಡು, ಅದರ ಹಿಂದೆ ಗ್ರಬ್ಬನ್ನು ನಿಲ್ಲಿಸಿ ಒಳಗೆ ಬರುತ್ತಿದ್ದಾರೆ. ವಿಂಡೋಸ್ 8ರ ಕಾಲದಲ್ಲಿ ಇಂಟೆಲ್ ಬಗೆಯ ಯಂತ್ರಗಳಲ್ಲಿ ಕಾವಲನ್ನು ತೆಗೆಯುವ ಅವಕಾಶವು ಒಡೆಯನಿಗೆ ಇರಲೇಬೇಕೆಂಬ ನಿಯಮವಿದ್ದಿತು. ವಿಂಡೋಸ್ 10ರಿಂದ ಅದು ತಯಾರಕರ ಇಷ್ಟಕ್ಕೆ ಬಿಟ್ಟ ಮಾತಾಯಿತು. 2024ರ ಆಗಸ್ಟಿನಲ್ಲಿ ವಿಂಡೋಸಿನ ಒಂದು ಭದ್ರತಾ ತಿದ್ದುಪಡಿಯು, ಎರಡು ವ್ಯವಸ್ಥೆಗಳಿರುವ ಯಂತ್ರಗಳಿಗೆ ತಗಲುವುದಿಲ್ಲವೆಂದು ಹೇಳಲಾಗಿದ್ದರೂ, ಅಂಥ ಅನೇಕ ಯಂತ್ರಗಳಲ್ಲಿ ಲಿನಕ್ಸನ್ನು ಏಳಗೊಡದೆ ನಿಲ್ಲಿಸಿತು. ಪೂರ್ಣ ಪರಿಹಾರವು ಬಂದುದು 2025ರ ಮೇ ತಿಂಗಳಲ್ಲಿ. ಇದರಲ್ಲಿ ದುರುದ್ದೇಶವನ್ನು ನಾನು ಕಾಣೆ. ಆದರೆ ಜಗಲಿಯ ಕಾವಲು ಒಬ್ಬ ಪಾಲುಗಾರನ ಕೈಯಲ್ಲಿದ್ದರೆ ಉಳಿದ ಪಾಲುಗಾರನು ಬೆಳಗಾಗುವಾಗ ಬೀದಿಯಲ್ಲಿರಬಹುದು. ಇನ್ನು ನಮ್ಮ ಹುಡುಗರ ಜೇಬಿನ ಫೋನುಗಳ ಮಾತಂತೂ ಹೇಳಬೇಕಾದುದಿಲ್ಲ. ಹಲವು ಮಾದರಿಗಳಲ್ಲಿ ಈ ಬಾಗಿಲು ಒಡೆಯನಿಗೆ ತೆರೆಯುವುದೇ ಇಲ್ಲ.

“ಇಷ್ಟೆಲ್ಲ ತಾಪತ್ರಯವೇಕೆ? ವಿಂಡೋಸಿನ ಒಳಗೇ ಒಂದು ಕಿಟಕಿಯಲ್ಲಿ ಲಿನಕ್ಸನ್ನು ನಡೆಸಬಹುದಲ್ಲ?” ಎಂದು ಕೆಲವು ಅಧ್ಯಾಪಕ ಮಿತ್ರರು ಕೇಳುತ್ತಾರೆ. ನಡೆಸಬಹುದು; ವರ್ಚುವಲ್ ಯಂತ್ರವೆಂಬ ಆ ಉಪಾಯವು ಬಹಳ ಒಳ್ಳೆಯದು, ಬರಿಯ ಪ್ರೋಗ್ರಾಂ ಬರೆಯುವವರಿಗೆ ಅದೇ ಸಾಕು. ಆದರೆ ಅಲ್ಲಿ ಎರಡನೆಯ ವ್ಯವಸ್ಥೆಯು ಅತಿಥಿ, ಮನೆಯ ನಿಜವಾದ ಬಾಗಿಲನ್ನು ಅದು ಕಾಣದು. ಮೇಲಾಗಿ, ಮೆಮೊರಿಯು ಇಬ್ಬರಿಗೂ ಏಕಕಾಲದಲ್ಲಿ ಹಂಚಿಹೋಗುತ್ತದೆ. 4 ಗಿಗಾಬೈಟು ಮೆಮೊರಿಯ ಹಳೆಯ ಯಂತ್ರವಿರುವ ವಿದ್ಯಾರ್ಥಿಗೆ ಅದು ಎರಡು ದೋಣಿಗಳಲ್ಲಿ ಕಾಲಿಟ್ಟಂತೆ. ಬೂಟ್ ಮಾಡುವಾಗಲೇ ಆರಿಸಿಕೊಂಡರೆ ಇಡೀ ಯಂತ್ರವು ಒಂದಕ್ಕೇ ದೊರೆಯುತ್ತದೆ.

ಹಳೆಯ ಯಂತ್ರದ ಮಾತು ಈಗ ಸಣ್ಣದಲ್ಲ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಭದ್ರತಾ ತಿದ್ದುಪಡಿಗಳನ್ನು ನೀಡುವ ಸಾಮಾನ್ಯ ಅವಧಿಯು ಮುಗಿಯಿತು. ವಿಂಡೋಸ್ 11 ಆದರೋ ಟಿಪಿಎಂ 2.0 ಎಂಬ ಭದ್ರತಾ ಅಂಗವನ್ನೂ, ಹೊಸ ತಲೆಮಾರಿನ ಪ್ರೊಸೆಸರನ್ನೂ ಬೇಡುತ್ತದೆ. ಸರಿಯಾಗಿ ನಡೆಯುತ್ತಿರುವ ಎಷ್ಟೋ ಗಣಕಗಳು, ಕೆಟ್ಟದ್ದರಿಂದಲ್ಲ, ಒಬ್ಬ ಪಾಲುಗಾರನು ಕೈಬಿಟ್ಟಿದ್ದರಿಂದ ಗುಜರಿಯ ದಾರಿ ಹಿಡಿಯುತ್ತಿವೆ. ಅವುಗಳಲ್ಲಿ ಲಿನಕ್ಸಿಗೊಂದು ಪಾಲನ್ನು ಕೊಟ್ಟರೆ ಇನ್ನೂ ಹಲವು ವರ್ಷ ದುಡಿಯುತ್ತವೆ. ವಿಂಡೋಸನ್ನು ಅಳಿಸಿಬಿಡಬೇಕೆಂದು ನಾನು ಹೇಳುವುದಿಲ್ಲ. ವಿಂಡೋಸಿಗೆಂದೇ ಮಾಡಿದ ನುಡಿ ತಂತ್ರಾಂಶದಲ್ಲಿ ಬರೆದಿಟ್ಟ ಹಳೆಯ ಕನ್ನಡ ಕಡತಗಳು, ಲೆಕ್ಕಪತ್ರದ ಟ್ಯಾಲಿ, ಇವು ನಮ್ಮಲ್ಲಿ ಅನೇಕ ಮನೆಗಳಿಗೂ ಕಚೇರಿಗಳಿಗೂ ಬೇಕಾದವು. ಆ ಕೆಲಸವನ್ನು ಅಂತರಜಾಲದ ಸಂಪರ್ಕವಿಲ್ಲದೆ ಹಳೆಯ ಪಾಲಿನಲ್ಲಿ ಮಾಡಿ, ಉಳಿದುದನ್ನು ಹೊಸ ಪಾಲಿನಲ್ಲಿ ಮಾಡುವುದು ವಿವೇಕ.

ಕೆಲಸಕ್ಕೆ ಕೈಹಾಕುವವರಿಗೆ ಎರಡು ಮಾತು. ಪಾಲುಪಟ್ಟಿಯನ್ನು ತಿದ್ದುವುದೆಂದರೆ ಹೊಲದ ಬದುವನ್ನು ಕಡಿದಂತೆ. ಬೇಕಾದ ಕಡತಗಳ ಪ್ರತಿಯನ್ನು ಬೇರೊಂದು ಡಿಸ್ಕಿನಲ್ಲಿ ಇಟ್ಟುಕೊಳ್ಳದೆ ಯಾರೂ ಮುಂದುವರಿಯಕೂಡದು. ಡಿಸ್ಕಿಗೆ ಬಿಟ್‌ಲಾಕರ್ ಬೀಗವಿದ್ದರೆ ಅದರ ಮರುಪ್ರಾಪ್ತಿಯ ಸಂಖ್ಯೆಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ, ಬೂಟ್ ಕ್ರಮವು ಬದಲಾದೊಡನೆ ಅದನ್ನು ಕೇಳುವುದುಂಟು. ವಿಂಡೋಸಿನ ಪಾಲನ್ನು ವಿಂಡೋಸಿನ ಸಾಧನದಿಂದಲೇ ಕುಗ್ಗಿಸಿ. ‘ಫಾಸ್ಟ್ ಸ್ಟಾರ್ಟಪ್’ ಎಂಬುದನ್ನು ತೆಗೆದುಹಾಕಿ. ಅದಿದ್ದರೆ ವಿಂಡೋಸ್ ನಿಜವಾಗಿ ಮಲಗುವುದಿಲ್ಲ, ಒಂದು ಕಣ್ಣು ತೆರೆದು ತೂಕಡಿಸುತ್ತದೆ. ಆಗ ಅದರ ಪಾಲಿನಲ್ಲಿ ಲಿನಕ್ಸ್ ಏನಾದರೂ ಬರೆದರೆ ಕಡತಗಳು ಕೆಡಬಹುದು. ಹೊಸದಾಗಿ ಎರಡನ್ನೂ ನೆಲೆಗೊಳಿಸುವವರು ವಿಂಡೋಸನ್ನು ಮೊದಲು ಇಳಿಸಲಿ.

ಎಲ್ಲವೂ ಸರಿಹೋದ ಮೇಲೆ ಒಂದು ಸೋಜಿಗವು ಕಾಣಬಹುದು. ಬೆಳಗ್ಗೆ 10 ಗಂಟೆಗೆ ಲಿನಕ್ಸನ್ನು ಮುಗಿಸಿ ವಿಂಡೋಸಿಗೆ ಬಂದರೆ ಗಡಿಯಾರವು ನಾಲ್ಕೂವರೆ ಎನ್ನುತ್ತದೆ! ಯಂತ್ರದೊಳಗೆ ಬ್ಯಾಟರಿಯಿಂದ ನಡೆಯುವ ಗಡಿಯಾರವೊಂದಿದೆ. ಲಿನಕ್ಸ್ ಅದರಲ್ಲಿ ಸಾರ್ವತ್ರಿಕ ಕಾಲವನ್ನು ಬರೆಯುತ್ತದೆ. ವಿಂಡೋಸ್ ಅದನ್ನೇ ಸ್ಥಳೀಯ ಕಾಲವೆಂದು ಓದುತ್ತದೆ. ನಮ್ಮ ದೇಶದ ಕಾಲಕ್ಕೆ ಆಧಾರವಾದ ರೇಖಾಂಶವು 82.5 ಡಿಗ್ರಿ, ಗಂಟೆಗೆ 15 ಡಿಗ್ರಿಯಂತೆ ಭಾಗಿಸಿದರೆ ಬರುವ ಐದೂವರೆ ಗಂಟೆಯೇ ಈ ವ್ಯತ್ಯಾಸ. ಭೂಮಿಯ ಆವರ್ತನವು ಇಷ್ಟು ಅನಿರೀಕ್ಷಿತವಾಗಿ ಎದುರಿಗೆ ಬಂದು ನಿಲ್ಲುವ ಪಾಠವು ನಮ್ಮ ಯಾವ ಪುಸ್ತಕದಲ್ಲಿದೆ? ಸಾರ್ವತ್ರಿಕ ಕಾಲವನ್ನು ಒಪ್ಪಿಕೊಳ್ಳುವಂತೆ ವಿಂಡೋಸಿಗೂ ಹೇಳಬಹುದು, ಸ್ಥಳೀಯ ಕಾಲವನ್ನು ಇಡುವಂತೆ ಲಿನಕ್ಸಿಗೂ ಹೇಳಬಹುದು. ಮೊದಲನೆಯದೇ ಸರಿಯೆಂದು ಭೌತವಿಜ್ಞಾನದವನಾದ ನಾನು ಹೇಳುತ್ತೇನೆ.

ಕಾಲೇಜುಗಳಲ್ಲಿ ಗಣಕದ ಪ್ರಯೋಗಶಾಲೆಯ ಯಂತ್ರಗಳನ್ನು ವಿದ್ಯಾರ್ಥಿಗಳು ಮುಟ್ಟದಂತೆ ಬಿಗಿಯಾಗಿ ಕಾಯುವುದೇ ವಾಡಿಕೆ. ಎಲ್ಲ ಯಂತ್ರಗಳನ್ನೂ ಬಿಟ್ಟುಕೊಡಿ ಎಂದು ಯಾರೂ ಕೇಳುತ್ತಿಲ್ಲ. ವಿಂಡೋಸ್ 11ಕ್ಕೆ ಅನರ್ಹವೆಂದು ಮೂಲೆಗೆ ಸೇರಿರುವ ನಾಲ್ಕು ಗಣಕಗಳನ್ನು ಒಂದು ಮೇಜಿನ ಮೇಲಿಟ್ಟು, “ಕೆಡಿಸಿದರೂ ಚಿಂತೆಯಿಲ್ಲ” ಎಂದು ಚೀಟಿ ಅಂಟಿಸಿದರೆ ಸಾಕು. ಎರಡೆರಡು ಮಂದಿಗೆ ಒಂದು ಯಂತ್ರ, ಒಂದು ಪೆನ್‌ಡ್ರೈವ್, ಒಂದು ಮಧ್ಯಾಹ್ನ. ಮಾಡಬೇಕಾದ ಮೊದಲ ಪ್ರಯೋಗವನ್ನೂ ಸೂಚಿಸುತ್ತೇನೆ. ಪೆನ್‌ಡ್ರೈವಿನಿಂದ ಲಿನಕ್ಸನ್ನು ಎಬ್ಬಿಸಿ, ಡಿಡಿ ಎಂಬ ಎರಡಕ್ಷರದ ಆಜ್ಞೆಯಿಂದ ಡಿಸ್ಕಿನ ಮೊದಲ 512 ಬೈಟುಗಳನ್ನು ಒಂದು ಕಡತಕ್ಕೆ ಎತ್ತಿಕೊಳ್ಳಿ. ಎಲ್ಲಿಂದ ಎಲ್ಲಿಗೆ ಎಂಬುದನ್ನು ಅದಲುಬದಲು ಮಾಡಿದರೆ ಡಿಸ್ಕೇ ಅಳಿಯುತ್ತದೆ, ಆದುದರಿಂದ ಒತ್ತುವ ಮುನ್ನ ಜೊತೆಗಾರನು ಗಟ್ಟಿಯಾಗಿ ಓದಲಿ. ಆಮೇಲೆ ಆ ಕಡತವನ್ನು ಹದಿನಾರರ ಮೂಲದ ಅಂಕಿಗಳಲ್ಲಿ ತೆರೆದು ಕೊನೆಯ ಎರಡು ಬೈಟುಗಳನ್ನು ನೋಡಿ. 55 ಮತ್ತು ಎಎ ಎಂದಿರಬೇಕು. ಎರಡರ ಮೂಲದಲ್ಲಿ ಬರೆದರೆ ಮೊದಲನೆಯದು 01010101, ಎರಡನೆಯದು 10101010. ಅದೇ ಮೊಹರು. ಅದಕ್ಕೆ ಹಿಂದಿನ 64 ಬೈಟುಗಳಲ್ಲಿ ಯಂತ್ರವು ಹಳೆಯದಾದರೆ ನಾಲ್ಕರವರೆಗೆ ಪಾಲುಗಳು ಕಾಣುತ್ತವೆ. ಹೊಸ ಬಗೆಯದಾದರೆ ಇಡೀ ಡಿಸ್ಕನ್ನು ಆವರಿಸಿದಂತೆ ತೋರುವ ಒಂದೇ ಪಾಲು ಕಾಣುತ್ತದೆ. ನಿಜವಾದ ಪಟ್ಟಿಯು ಅದರ ಮುಂದಿನ ತುಣುಕಿನಿಂದ ಆರಂಭವಾಗುತ್ತದೆ. ಹಳೆಯ ಪ್ರೋಗ್ರಾಮುಗಳು ಡಿಸ್ಕು ಬರಿದೆಂದು ಬಗೆದು ನುಗ್ಗದಿರಲೆಂದು ನಿಲ್ಲಿಸಿದ ಬೆದರುಬೊಂಬೆ ಅದು.